ಬಾಯ್ತುಂಬ ಪ್ರಾರ್ಥನೆ

ಹತ್ತಿಯ ಎಳೆ, ಒಂದೇ ಒಂದು, ಕೆಳಗಿನ ಗೋದಾಮಿನಿಂದ ಪ್ರಾರ್ಥನೆಯ ಕೋಣೆಯ ಕಿಟಕಿಯೊಳಗೆ ತೇಲಿ ಬಂದು ಫ್ಯಾನಿನ ಗಾಳಿಗೆ ಸುತ್ತಿ ಸುತ್ತಿ ಪಾಸ್ಟರ್ ಲಕ್ಷ್ಮಪ್ಪನವರ ತಲೆಯ ಮೇಲೆ ಇಳಿಯಿತು, ಥೇಟ್ ಯೊರ್ದನ್ ಹೊಳೆಯಲ್ಲಿ ಯೇಸುವಿನ ಮೇಲೆ ಪಾರಿವಾಳ ಇಳಿದ ಹಾಗೆ, ನಗಬೇಡ ಸಿದ್ದರಾಮೇಶ, ನಕ್ಕರೆ ತುಟಿ ಬಿಡುತ್ತದೆ, ತುಟಿ ಬಿಟ್ಟರೆ ರೋಣದ ಸಭೆಗೆಲ್ಲ ಕೂತಲ್ಲೇ ಕೆಂಪು ಸಮುದ್ರದ ದರ್ಶನ — ಎಡಗಲ್ಲದಲ್ಲಿ ಗುಟ್ಕಾ, ನಾಲಿಗೆಯ ಕೆಳಗೆ ರಸ ಏರುತ್ತಿದೆ, ಏರುತ್ತಲೇ ಇದೆ, ನುಂಗಿದರೆ ಬಿಕ್ಕಳಿಕೆ, ಉಗುಳೋಣವೆಂದರೆ ಬಾಗಿಲತನಕ ಕೂತವರ ಮೊಣಕಾಲುಗಳೇ ಗೋಡೆ. ಚಿಟಿಕೆಯಷ್ಟು ಮಾತ್ರ ಅಂದುಕೊಂಡಿದ್ದೆ, ಹಾಡು ಶುರುವಾಗುವುದರೊಳಗೆ ಉಗುಳಿ, ಬಾಯಿ ಮುಕ್ಕಳಿಸಿ, ಒಳಗೆ ಹೋದರಾಯಿತು ಅಂತ ಮೆಟ್ಟಿಲ ಮರೆಯಲ್ಲಿ ನಿಂತಿದ್ದೆ, ಅಷ್ಟರಲ್ಲಿ ಮಹೇಶ್ವರಿ ಬಂದು ಅಂಗಿಯ ತೋಳು ಹಿಡಿದಳು, ಬರ್ರಿ ಲಗೂ, ಎಲ್ಲಾರೂ ನಿಮ್ಮ ದಾರೀನ ನೋಡಾಕತ್ತಾರ, ಹೆಂಡತಿ ಹಿಡಿದ ತೋಳನ್ನು ಏನು ಹೇಳಿ ಬಿಡಿಸಿಕೊಳ್ಳಲಿ, ಬಾಯಿ ತೆರೆಯದೆ ಸುಳ್ಳು ಹೇಳುವ ವಿದ್ಯೆ ಒಂದು ನನಗೆ ಬಂದಿಲ್ಲ.

ದಾರಿ ನೋಡುವುದು ಯಾಕೆ, ನಾನು ಸಾಕ್ಷಿಯ ಮನುಷ್ಯ, ಹೋದ ಕ್ರಿಸ್ಮಸ್ಸಿಗೆ ಇದೇ ಜಮಖಾನೆಯ ಮೇಲೆ ನಿಂತು ಗುಟ್ಕಾ ತುಂಬಿದ ಬಾಯಲ್ಲಿ ನಾನು ಹೆಂಡತಿ ಜೊತೆ ಹೇಗೆ ಮಾತಾಡುತ್ತಿದ್ದೆ ಅಂತ ಮಾಡಿ ತೋರಿಸಿದೆ, ಉಂ ಅಂದರೆ ಅನ್ನ, ಊಂ ಅಂದರೆ ನೀರು, ಊಂಹೂಂ ಅಂದರೆ ನಿಮ್ಮವ್ವ ಯಾವಾಗ ಊರಿಗೆ ಹೋಗ್ತಾಳ, ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು, ಆಮೇಲೆ ಕರ್ತನು ಈ ಬಾಯಿ ತೊಳೆದ ಅಂದಾಗ ಅದೇ ಜನ ಸೆರಗಿನಿಂದ ಕಣ್ಣೊರೆಸಿಕೊಂಡರು, ಪಾಸ್ಟರ್ ಆ ಸಾಕ್ಷಿಯನ್ನು ನರಗುಂದಕ್ಕೆ ಒಯ್ದರು, ಗಜೇಂದ್ರಗಡಕ್ಕೆ ಒಯ್ದರು, ನಾನು ಹೋಗದ ಊರಲ್ಲೂ ನಾನು ಗುಟ್ಕಾ ಬಿಟ್ಟಿದ್ದೇನೆ. ಸುಳ್ಳಲ್ಲ ಅದು, ಖರೇನೇ ಬಿಟ್ಟಿದ್ದೆ, ಬೇಸಿಗೆ ಮುಗಿಯುವ ತನಕ ಬಿಟ್ಟಿದ್ದೆ, ಬಿ.ಎ. ಓದಿದರೂ ಹೊಟ್ಟೆಪಾಡು ಸೀರೆ ಅಂಗಡಿಯ ಪ್ರಚಾರದ ಆಟೋದ ಮೈಕಿನಲ್ಲಿ, ಗಜೇಂದ್ರಗಡದ ಬಸ್‌ಸ್ಟ್ಯಾಂಡ್ ಸುತ್ತ ಬರ್ರಿ ಅಕ್ಕಾರ, ಬರ್ರಿ ವೈನಿ, ಒಂದು ಸೀರಿಗೆ ಒಂದು ಸೀರಿ ಪುಕ್ಕಟ, ಗಂಟಲು ಒಣಗಿ ಕಟ್ಟಿಗೆಯಾಗಿತ್ತು, ಆಟೋದವನು ಪೊಟ್ಟಣ ಚಾಚಿದ, ಕೈ ಹೋಯಿತು, ನನ್ನನ್ನು ಕೇಳದೆ ಹೋಯಿತು, ರಾತ್ರಿ ಮೊಣಕಾಲೂರಿ ಅತ್ತೆ, ಇನ್ನ ಮ್ಯಾಲೆ ಇಲ್ಲ ತಂದೆ, ಮುಂದಿನ ವಾರ ಮತ್ತೆ ಗಜೇಂದ್ರಗಡ, ಮತ್ತೆ ಕೈ, ಮತ್ತೆ ಮೊಣಕಾಲು, ಸಾಕಾಗಿದೆ ತಂದೆ, ನಿನಗೂ ಬ್ಯಾಸರ ಆಗಿರಬೇಕು, ಅದೇ ಅಂಗಡಿ, ಅದೇ ಸೀರೆ, ಅದೇ ಕೂಗು. ಯಾವ ದನಿ ಬೇಕು ಹೇಳು, ರೋಣ ರೋಣ ರೋಣ ಅನ್ನುವ ಕಂಡಕ್ಟರ್ ಬೇಕೋ, ದೇವರಾಽ ಅಂತ ಎಳೆಯುವ ಲಕ್ಷ್ಮಪ್ಪನವರು ಬೇಕೋ, ಬೈಬಲಿನ ಕತೆಯಲ್ಲಿ ದಾರಿತಪ್ಪಿ, ಅತ್ತು ಮನೆಗೆ ತಿರುಗಿ ಬಂದ ಮಗನ ದನಿಯೂ ಬರುತ್ತದೆ, ದನಿಯೇ ಬರುತ್ತದೆ, ಮಗನ ಬಾಳು ಬರುವುದಿಲ್ಲ, ಅಥವಾ ಆ ಅಳುವೂ ನಾನು ಚಲೋ ಕಲಿತ ಇನ್ನೊಂದು ಮಿಮಿಕ್ರಿಯೋ, ಇದನ್ನು ಯಾರನ್ನು ಕೇಳಲಿ, ಕೇಳುವ ಬಾಯಲ್ಲಿ ಇದು ಕೂತಿದೆ.

ಬ್ರದರ್ ಸಿದ್ದರಾಮೇಶ, ಮುಂದ ಬರ್ರಿ, ಪಾಸ್ಟರ್ ಕರೆದರು — ಬೇಡ, ನಾನಲ್ಲ, ಬೇರೆ ಯಾರನ್ನಾದರೂ — ಏಳ್ರಿ ಏಳ್ರಿ, ಯಾವಗಲ್ ಊರಿಂದ ಬಂದಾರ ನಿಮ್ಮ ಸಲುವಾಗಿ, ಹಿಂದಿನಿಂದ ಯಾರದೋ ಕೈ ಬೆನ್ನು ದೂಡಿತು, ಮುಂದೆ ಒಬ್ಬ ಮೊಣಕಾಲೂರಿ ಕೂತಿದ್ದಾನೆ, ಟ್ರ್ಯಾಕ್ಟರ್ ಹೊಡೆಯುವ ದುರಗೇಶ, ಅವನ ತಾಯಿ ಕರೆವ್ವ ಎದ್ದು ನಿಂತು ಹೇಳುತ್ತಿದ್ದಾಳೆ, ಬಾಯಾಗ ಮೂರು ಬೆರಳು ಹೋಗಬೇಕು ಅಂದ್ರು ದವಾಖಾನ್ಯಾಗ, ನನ್ನ ಮಗಗ ಒಂದ ಹೋಗತೈತ್ರಿ, ರೊಟ್ಟಿ ಹಾಲಿನಾಗ ನೆನೆಸಿ ತಿನ್ನಸ್ತೇನಿ ಕೂಸಿಗೆ ತಿನ್ನಿಸಿದಂಗ, ಇನ್ನೂ ಗುಟ್ಕಾ ತಿಂದ್ರ ಉಳಿಯೂದಿಲ್ಲ ಅಂದಾರ, ಯಾರು ಹೇಳಿದ್ರೂ ಕೇಳಲಿಲ್ಲ, ಈ ಅಣ್ಣಾರ ಸಾಕ್ಷಿ ಕೇಳಿ ಇವತ್ತ ಬಿಡತೇನಿ ಅಂದಾನ. ಮೇಜಿನ ಮೇಲೆ ಅವನ ಪೊಟ್ಟಣಗಳು, ನನ್ನದೇ ಜಾತಿಯವು, ಪಾಸ್ಟರ್ ನನ್ನ ಬಲಗೈ ಹಿಡಿದು ಅವನ ತಲೆಯ ಮೇಲೆ ಇಟ್ಟರು, ಮಾಡ್ರಿ ಬ್ರದರ್, ಬಾಯ್ತುಂಬ ಪ್ರಾರ್ಥನೆ ಮಾಡ್ರಿ, ಬಾಯಿ ತುಂಬೇ ಇದೆಯಲ್ಲ ತಂದೆ. ಕಣ್ಣು ಮುಚ್ಚಿದೆ, ತುಟಿ ಬಿಗಿದೆ, ಮೂಗಿನಿಂದ ಉಸಿರು, ಕಣ್ಣಲ್ಲಿ ನೀರು ಬಂತು, ರಸದ ಖಾರಕ್ಕೋ ನಾಚಿಕೆಗೋ ನನಗೇ ಗೊತ್ತಿಲ್ಲ, ನೋಡ್ರಿ ನೋಡ್ರಿ, ಮಾತ ಬರವಲ್ಲವು, ಆತ್ಮ ತುಂಬೇತಿ ಇವರೊಳಗ, ಅಂದರು ಪಾಸ್ಟರ್, ಸ್ತೋತ್ರ ಅಂದಿತು ಸಭೆ, ಹಲ್ಲೆಲೂಯಾ ಅಂದಳು ಮಹೇಶ್ವರಿ, ಅವಳ ದನಿ ಎಲ್ಲಿದ್ದರೂ ಗುರುತು ಸಿಗುತ್ತದೆ, ಎಷ್ಟು ಸಸಾರ, ಇನ್ನೊಂದೇ ನಿಮಿಷ ಹೀಗೇ ನಿಂತರೆ ಸಾಕು, ತಲೆಯಾಡಿಸಿ ಹೊರಗೆ ನಡೆದರೆ ಸಾಕು, ಸುಳ್ಳನ್ನು ನಾನು ಹೇಳಬೇಕಾಗಿಯೂ ಇಲ್ಲ, ಇವರೇ ಸೇರಿ ಹಾಡುತ್ತಿದ್ದಾರೆ.

ಕೈಯ ಕೆಳಗೆ ತಲೆ ಅಲ್ಲಾಡಿತು. ಡೀಸೆಲ್ ವಾಸನೆಯ ಕೂದಲು, ಅವನು ಮೂಗು ಎಳೆಯುತ್ತಿದ್ದಾನೆ, ಒಮ್ಮೆ, ಮತ್ತೊಮ್ಮೆ, ಸಭೆಯಲ್ಲಿ ಬೇರೆ ಯಾರಿಗೆ ತಿಳಿಯದಿದ್ದರೂ ಇವನಿಗೆ ಈ ವಾಸನೆ ತಿಳಿಯದೇ ಇರುತ್ತದೆಯೇ, ಮುಖ ಎತ್ತಿದ, ಬೈತಾನೆ, ಎದ್ದು ಹೋಗ್ತಾನೆ, ಮೇಜಿನ ಮೇಲಿನದನ್ನು ಕಿಸೆಗೆ ತುಂಬಿಕೊಂಡು ಯಾವಗಲ್ ಬಸ್ ಹತ್ತುತ್ತಾನೆ, ನಾನೇ ಹತ್ತಿಸಿದಂತೆ — ಬೈಯಲಿಲ್ಲ. ಕೈ ಎತ್ತಿದ, ಬೊಗಸೆಯಂತೆ ಬಗ್ಗಿಸಿ ನನ್ನ ಗದ್ದದ ಕೆಳಗೆ ಹಿಡಿದ, ಒಂದು ಬೆರಳಿನಷ್ಟೇ ತೆರೆಯುವ ಬಾಯಿಂದ ಅಂದ, ಉಗುಳ್ರಿ ಅಣ್ಣಾರ, ನಾನೂ ಈಗ ಉಗುಳಿ ಬಂದೇನಿ. ಸ್ತೋತ್ರ ಅನ್ನುತ್ತಿದೆ ಸಭೆ, ಅಂಗೈ, ಉಗುಳಿದರೆ ಎಲ್ಲರೂ ನೋಡುತ್ತಾರೆ, ನರಗುಂದ ನೋಡುತ್ತದೆ, ಗಜೇಂದ್ರಗಡ ನೋಡುತ್ತದೆ, ಮಹೇಶ್ವರಿ, ಅಯ್ಯೋ ಮಹೇಶ್ವರಿ, ಅಂಗೈ, ಗೆರೆಗಳಲ್ಲಿ ಗ್ರೀಸು, ನುಂಗಿಬಿಡು, ಒಂದೇ ಗುಟುಕು, ಕರೆವ್ವ ಕೈ ಮುಗಿದು ನಿಂತಿದ್ದಾಳೆ, ಅಂಗೈ, ಕೂಸಿನ ಬಾಯಿಗೆ ಹಿಡಿದಂತೆ ಹಿಡಿದಿದ್ದಾನೆ, ಅದುರುತ್ತಲೂ ಇಲ್ಲ, ತುಟಿಯ ಮೂಲೆಯಿಂದ ಮೊದಲ ಹನಿ ಜಾರಿತು, ಕೆಂಪಗೆ, ಬೆಚ್ಚಗೆ, ಅಂಗೈ ಸರಿಯಲಿಲ್ಲ, ಅಂಗೈ —