ಪೆಟ್ಟಿಗಮ್ಮನ ಬೀಗ

ನಡೆದದ್ದೇ ಸಾ ಇದು. ಮೊಸಳೆ ಬೆನ್ನ ಮ್ಯಾಲೆ ಕುಂತ್ಕಂಡು ಒಳೆ ದಾಟ್ದೆ ಅಂತ ನಾನು ಊರೆಲ್ಲ ಯೋಳ್ಕ ಬಂದಿವ್ನಲ್ಲ, ಅದ್ನ ಬೇಕಾದ್ರೆ ನಂಬಬ್ಯಾಡಿ. ಅದ್ರಲ್ಲಿ ಒಳೆ ದಿಟ, ಮೊಸಳೆ ದಿಟ, ನಡುವೆ ಇರೋದೆಲ್ಲ ನನ್ನ ಬಾಯಲ್ಲೇ ಉಟ್ಟಿದ್ದು. ಈ ಮಾತಿಗೆ ಮಾತ್ರ ಒಂದು ಸಾಸ್ವೆಕಾಳಷ್ಟು ಒಗ್ಗರಣೆ ನಾನು ಆಕಿದ್ರೆ, ಇವತ್ತು ಮದ್ಯಾನ ಉಣ್ಣೋ ಮುದ್ದೆ ನನ್ನ ಗಂಟ್ಲಲ್ಲೇ ನಿಂತೋಗ್ಲಿ.

ನೀವು ಈ ವರ್ಸ ಪೆಟ್ಟಿಗೆ ನೋಡೋಕೆ ಬಂದಿರೋ ವಸ ಸಾಹೇಬ್ರು. ಕುಂತ್ಕಳಿ, ಈ ಗುಡಿ ಜಗ್ಲಿ ತಣ್ಣಗದೆ. ನಾನು ಮುತ್ತಯ್ಯ. ಈ ತಿಟ್ಟಿನಕೇರಿ ಒಳೆ ದಂಡೇಲಿ ಎಂಟು ಪಂಪ್‌ಸೆಟ್ಟು ಕಾಯೋನು. ನೀರು ಏರ್ತು ಅಂದ್ರೆ ಮೋಟ್ರು ಬಿಚ್ಚಿ ದಂಡೆ ಮ್ಯಾಕೆ ಎಳೀಬೇಕು, ಅಷ್ಟೇ ನನ್ನ ವಿದ್ಯೆ. ಇಸ್ಕೂಲಿಗೆ ಒಂದೇ ದಿನ ಓಗಿದ್ದು, ಅದೂ ಉಪ್ಪಿಟ್ಟು ಕೊಡ್ತಾರೆ ಅಂತ.

ಎರಡು ವರ್ಸದ ಇಂದೆ ಮುಂಗಾರು ಶುರುವಾಗೋಕೆ ಮುಂಚೆ ಆಪೀಸಿಂದ ಜೀಪಲ್ಲಿ ಈ ಪೆಟ್ಟಿಗೆ ಬಂತು. ಅಸುರು ಬಣ್ಣದ ತಗಡಿನ ಪೆಟ್ಟಿಗೆ. ಒಳಗೆ ಕಿತ್ಲೆ ಬಣ್ಣದ ಜಾಕೀಟು ಐದು, ನೈಲಾನ್ ಅಗ್ಗ ಒಂದು ಸುರುಳಿ, ಟಾರ್ಚು, ಮಾತ್ರೆ, ಗಾಯದ ಬಟ್ಟೆ, ಪೀಪಿ, ಒಂದು ವಾಕಿಟಾಕಿ. ಬಂದಿದ್ದ ಸಾಹೇಬ್ರು ಯೋಳಿದ್ರು, "ನೀರು ಬಂದಾಗ ಕರೆಂಟು ಹೋಗುತ್ತೆ, ಟವರ್ ಹೋಗುತ್ತೆ, ಫೋನೆಲ್ಲ ಸತ್ತು ಹೋಗುತ್ತೆ. ಆಗ ಇದರಲ್ಲಿ ಮಾತಾಡಿ, ಕೊಳ್ಳೇಗಾಲದಿಂದ ದೋಣಿ ಕಳಿಸ್ತೀವಿ." ಸರಿ, ಪೆಟ್ಟಿಗೆ ಎಲ್ಲಿ ಮಡಗೋದು? ಒಬ್ಬನ ಅಟ್ಟೀಲಿ ಮಡಗಿದ್ರೆ ಇನ್ನೊಬ್ಬನಿಗೆ ಒಟ್ಟೆ ಉರಿ. ಅಗ್ಗ ಎಮ್ಮೆ ಕಟ್ಟೋಕೆ ಓಯ್ತದೆ, ಟಾರ್ಚು ಕಪ್ಪೆ ಇಡಿಯೋಕೆ ಓಯ್ತದೆ.

"ಮಾರಮ್ಮನ ಗುಡೀಲಿ ಮಡಗಿ. ಎತ್ತರದಲ್ಲದೆ, ಕಳ್ಳನೂ ಮುಟ್ಟಲ್ಲ" ಅಂದೋನು ಯಾರು ಗೊತ್ತಾ? ನಾನೇ ಸಾ. ಎಲ್ಲ್ರೂ ತಲೆದೂಗಿದ್ರು. ನನ್ನ ಮಾತಿಗೆ ಕೇರಿ ತಲೆದೂಗಿದ್ದು ಅದೊಂದೇ ಸಲ, ಅದೂ ಕೆಟ್ಟೋಯ್ತು.

ಮೊದ್ಲ ದಿನ ಪೂಜಾರಿ ಪುಟ್ಟಬಸಪ್ಪಣ್ಣ ಅದ್ಕೆ ಒಂದು ಕುಂಕುಮ ಮಡಗ್ದ. ಪಾಪ, ಗುಡಿ ಒಳಗೆ ಬಂದ ಸಾಮಾನು, ಬೋಳಾಗಿರಬಾರ್ದು ಅಂತ. ಅಮಾಸೆಗೆ ಊದುಗಡ್ಡಿ ಅಚ್ಚಿದ. ಆಯುಧಪೂಜೆಗೆ ಬೂದುಗುಂಬಳ ಒಡೆದ್ರು. ಸಿವರಾತ್ರಿ ಒತ್ಗೆ ಅದ್ಕೆ ಎಸ್ರು ಬಿದ್ದಿತ್ತು, ಪೆಟ್ಟಿಗಮ್ಮ ಅಂತ. ಯಳಂದೂರಿಂದ ಒಬ್ಳು ಬಂದು ಮಕ್ಕಳಾಗ್ಲಿ ಅಂತ ಮಡಿಲಕ್ಕಿ ಕಟ್ಟಿ ಓದ್ಲು, ಅವ್ಳಿಗೆ ಅವಳಿ-ಜವಳಿ ಆಯ್ತು ಅಂತಾರೆ, ಅದು ನಂಗೊತ್ತಿಲ್ಲ. ಬೀಗದ ಕೈ ಪುಟ್ಟಬಸಪ್ಪಣ್ಣನ ಉಡಿದಾರದಲ್ಲಿ. ಸಾಹೇಬ್ರು ಒಂದ್ಸಲ ನೋಡೋಕೆ ಬಂದ್ರು. ಬೂಟು ಬಿಚ್ಚಿ ಒಳಗೋಗಿ, ಮಂಗಳಾರತಿ ತಕಂಡು, ಬುಕ್ಕಲ್ಲಿ ಏನೋ ಬರ್ಕಂಡು ಓದ್ರು. ಬೀಗ ತೆಗೀರಿ ಅಂತ ಅವ್ರೂ ಅನ್ನಲಿಲ್ಲ. ದೇವ್ರ ಮುಂದೆ ಎಂಗೆ ಅಂತಾರೆ?

ಈಗ ನೀರಿನ ಇಸ್ಯಕ್ಕೆ ಬತ್ತೀನಿ. ಬ್ಯಾರೆ ಊರಿಗೆ ಮಳೆ ಜತೇಲಿ ನೀರು ಬತ್ತದೆ. ನಮ್ಗೆ ಸುಡೋ ಬಿಸ್ಲಲ್ಲಿ ಬತ್ತದೆ ಸಾ. ಮಳೆ ಉಯ್ಯೋದು ಕೊಡಗಲ್ಲಿ, ಕಟ್ಟೆ ಬಾಗ್ಲು ತೆಗೆಯೋದು ಮ್ಯಾಲೆ. ಇಲ್ಲಿ ಎಂಗಸ್ರು ಮೆಣಸಿನಕಾಯಿ ಒಣಗಾಕಿರ್ತಾರೆ, ಒಳೆ ಬಂದು ಚಾಪೆ ಸಮೇತ ಎತ್ಕಂಡೋಯ್ತದೆ.

ಓದ್ವರ್ಸ ಸ್ರಾವಣದಲ್ಲಿ ಒಂದಿನ ಸಂಜೆ ಎಲ್ಲ್ರ ಪೋನಿಗೂ ಬಂತು, ನಾಳೆ ನೀರು ಜಾಸ್ತಿ ಬಿಡ್ತಾರೆ, ಒಳೆ ದಂಡೆಯೋರು ಜಾಗ ಬುಡಿ ಅಂತ. ಬೆಳಗಾಗೋದ್ರೊಳಗೆ ಕೇರಿಯೋರೆಲ್ಲ ದನ ಒಡ್ಕಂಡು, ಕೋಳಿ ಕುಕ್ಕೆ ಒತ್ಕಂಡು ಮುಳ್ಳೂರಿನ ನೆಂಟ್ರ ಅಟ್ಟಿಗೆ ಓಗ್ಬುಟ್ರು. ಉಳಿದಿದ್ದು ಎರಡೇ ಅಟ್ಟಿಯೋರು. ಪುಟ್ಟಬಸಪ್ಪಣ್ಣ, ಮಾರಮ್ಮನ ದೀಪ ಆರಬಾರ್ದು ಅಂತ. ನಾವು, ಬಾಣಂತಿ ನೀರು ದಾಟಬಾರ್ದು ಅಂತ. ಮಗ್ಳು ರಾಣಿ ಎರಿಗೆಗೆ ಬಂದಿದ್ಲು. ಕೂಸಿಗೆ ಒಂಬತ್ತು ದಿನ. ಅಳಿಯ ಮೂರ್ತಿ ಒಡೆಯರಪಾಳ್ಯದಲ್ಲಿ ಜೋಳದ ಲೋಡಿಗೆ ಓಗಿದ್ದ. ಅನ್ನೊಂದನೇ ದಿನ ಪುರುಡು ಕಳೀಬೇಕು. ಅಲ್ಲೀಗಂಟ ಉಟ್ಟಿದ ಮೈಲಿಗೆ, ನಮ್ಮಟ್ಟಿಯೋರು ಯಾರೂ ಗುಡಿ ಮೆಟ್ಲು ಅತ್ತಂಗಿಲ್ಲ.

ನಮ್ಮವಳು ಚಿಕ್ಕನಿಂಗಮ್ಮ ಮುಂಜಾನೆನೇ ಅಂದ್ಲು, "ಬಾಣಂತಿ ದಾಟಬಾರ್ದು ಅಂತ ಕುಂತ್ಕಬ್ಯಾಡಿ, ಓಗನ ಕಣ್ರಿ."

"ಇನ್ನೆರಡು ದಿನ ಕಣೆ. ಅಷ್ಟು ನೀರು ಎಲ್ಲಿ ಬತ್ತದೆ?" ಅಂದೆ. ಆ ಮಾತು ಆಡಿದ ನಾಲ್ಗೆನ ಈಗ್ಲೂ ಕಚ್ಕಬೇಕು ಅನ್ಸ್ತದೆ.

ಎಂಟು ಗಂಟೇಲಿ ನೀರಿನ ಅಂಚಲ್ಲಿ ಒಂದು ಕಡ್ಡಿ ನೆಟ್ಟೆ. ಬೀಡಿ ಅಚ್ಚಿದೆ. ಬೀಡಿ ಮುಗಿಯೋದ್ರೊಳಗೆ ಕಡ್ಡಿ ಇಲ್ಲ. ಮೋಟ್ರು ಮೂರು ಬಿಚ್ಚಿ ಮ್ಯಾಕೆ ಎಳ್ದೆ, ನಾಕ್ನೇದು ಬಿಚ್ಚೋವಾಗ ನೀರು ನನ್ನ ಸೊಂಟ ಇಡ್ಕತು. ಎಲ್ಲ ಬುಟ್ಟು ಓಡ್ದೆ. ಕೇರಿಗೂ ಮುಳ್ಳೂರು ರಸ್ತೆಗೂ ನಡುವೆ ಒಂದು ಅಳ್ಳ ಅದೆಯಲ್ಲ, ನೀವೂ ದಾಟ್ಕಂಡೇ ಬಂದ್ರಿ, ಅದು ತುಂಬಿ ಮೊರೀತಾ ಇತ್ತು. ಒಂದು ಉಲ್ಲಿನ ಮೆದೆ ಇಡೀದಾಗಿ ತೇಲ್ಕಂಡು ಓಯ್ತಾ ಇತ್ತು, ಅದ್ರ ನೆತ್ತಿ ಮ್ಯಾಲೆ ಒಂದು ಕೋಳಿ ಕುಂತಿತ್ತು, ಬಸ್ಸಲ್ಲಿ ಸೀಟು ಸಿಕ್ಕಿದೋಳಂಗೆ. ಅದು ಒಗೇನಕಲ್ಲು ದಾಟಿ ಈಗ ತಮಿಳಲ್ಲಿ ಕೂಗ್ತದಂತೆ. ಆ ಕೋಳಿ ನೋಡಿ ನಂಗೆ ನಗು ಬರ್ಲಿಲ್ಲ ಸಾ ಅವತ್ತು. ಕರೆಂಟು ಓಗಿತ್ತು, ಪೋನು ಸತ್ತಿತ್ತು. ಇಂದೊಂದ್ಸಲ ನೀರು ಬಂದಾಗ ಗುಡಿ ಒಳ್ಗೇ ಆಳುದ್ದ ನಿಂತಿತ್ತು. ಮದ್ಯಾನದೊಳಗೆ ದಾಟ್ಲಿಲ್ಲ ಅಂದ್ರೆ ಕೂಸಿಗೆ ದಿಕ್ಕಿಲ್ಲ.

ಗುಡಿ ತಾವ ಬಂದು ಮೆಟ್ಲ ಕೆಳಗೆ ನಿಂತ್ಕಂಡೆ. "ಪುಟ್ಟಬಸಪ್ಪಣ್ಣ, ಪೆಟ್ಟಿಗೆ ಬೀಗ ತೆಗಿ. ವಾಕಿಟಾಕಿ ಕೊಡು, ಅಗ್ಗ ಕೊಡು."

"ಮೆಟ್ಲು ಅತ್ತಬ್ಯಾಡ ಕಣ್ಲಾ ಮುತ್ತ. ನಿಮ್ಮ ಪುರುಡು ಯಾವತ್ತು ಕಳೀತದೆ?"

"ನಾಡಿದ್ದು."

"ಅಂಗಾರೆ ನಾಡಿದ್ದು ಬಾ."

"ಅಣ್ಣ, ನಾಡಿದ್ದು ನಾನು ಮೆಟ್ಟೂರು ಡ್ಯಾಮಲ್ಲಿ ತೇಲ್ತಿರ್ತೀನಿ."

"ನೀನು ಮೊಸಳೆ ಮ್ಯಾಲೆ ಓಡಾಡೋನು, ನಿಂಗೇನ್ಲಾ" ಅಂದ. ಆಮ್ಯಾಕೆ ನನ್ನ ಮೊಕ ನೋಡಿ ವಸಿ ಇಳ್ದ. "ಮೈಲಿಗೆಯೋರ ಕೈಗೆ ಅಮ್ಮನ ಪೆಟ್ಟಿಗೆ ಕೊಡೋಕೆ ನಾನ್ಯಾರು? ಅಮ್ಮನ್ನೇ ಕೇಳ್ತೀನಿ ಇರು. ಬಲಕ್ಕೆ ಊ ಕೊಟ್ರೆ ತೆಗೀತೀನಿ."

ಒಳಗೋಗಿ ಮಾರಮ್ಮನ ಎರಡು ಬುಜಕ್ಕೂ ನೀರಲ್ಲಿ ಅದ್ದಿದ ಕಣಗಲೆ ಊ ಅಂಟಿಸಿ ಕಣ್ಮುಚ್ಕಂಡು ಕುಂತ್ಕಂಡ. ನಾನು ಕೆಳಗೆ ನಿಂತಿವ್ನಿ. ನೀರು ಮೊದ್ಲ ಮೆಟ್ಲಿಗೆ ಬಂತು. ಊ ಬೀಳ್ಲಿಲ್ಲ. ಎರಡ್ನೇ ಮೆಟ್ಲಿಗೆ ಬಂತು. ಬೀಳ್ಲಿಲ್ಲ.

"ಏನಂತಾಳಣ್ಣ?"

"ಯೋಚ್ನೆ ಮಾಡ್ತಾವ್ಳೆ. ಬಾಯ್ಮುಚ್ಕಂಡಿರು."

ನೆಗೆದು ಒಳಗೋಗಿ ಅವ್ನ ಜುಟ್ಟು ಇಡ್ಕಬೇಕು ಅನ್ಸ್ತದೆ, ಕಾಲು ಏಳಲ್ಲ. ಉಟ್ಟಿದಾಗಿಂದ ಕಲಿತ ಬಯ ಅದು, ನೀರಿನ ಬಯಕ್ಕಿಂತ ದೊಡ್ದು. ನನ್ನ ಮ್ಯಾಲೆ ನಂಗೇ ಏಸಿಗೆ ಆಯ್ತು. ಸ್ವಂತ ಮೊಮ್ಮಗೂಗೆ ನೀರು ಬತ್ತಾ ಅದೆ, ನಾನು ಊ ಬೀಳೋದು ಕಾಯ್ತಾ ನಿಂತಿವ್ನಿ.

ಇಂದ್ಗಡೆಯಿಂದ ನೀರು ಸೀಳೋ ಸದ್ದು ಬಂತು. ನೋಡಿದ್ರೆ ಚಿಕ್ಕನಿಂಗಮ್ಮ. ಕೂಸ ಎದೆಗೆ ಕಟ್ಕಂಡವ್ಳೆ, ಸೀರೆ ತೊಡೆಗಂಟ ಎತ್ತಿ ಕಟ್ಟವ್ಳೆ, ಒಂದು ಕೈಲಿ ರಾಣೀನ ಎಳ್ಕಂಡು ಬತ್ತಾವ್ಳೆ. ರಾಣಿ ಕಿವಿಗೆ ಬಟ್ಟೆ ಸುತ್ಕಂಡು, ಬಿಳುಚ್ಕಂಡು, ನಡೆಯೋಕೂ ಆಗ್ತಿಲ್ಲ. ನಮ್ಮವಳು ನನ್ನ ಪಕ್ಕ ನಿಲ್ಲಲೂ ಇಲ್ಲ. ಸೀದಾ ಮೆಟ್ಲು ಅತ್ತುದ್ಲು.

"ಲೇ ಚಿಕ್ಕನಿಂಗಿ, ಮೈಲಿಗೆ, ಮೈಲಿಗೆ" ಅಂತ ಪುಟ್ಟಬಸಪ್ಪಣ್ಣ ಗೋಡೆಗೆ ಅಂಟ್ಕಂಡ.

"ಮೈಲಿಗೆ ಆದ್ರೆ ನೀನೇ ಈಚೆ ಓಗು. ಒಳೆ ಬಾಗ್ಲಿಗೇ ಬಂದದೆ, ಮುಳುಗೆದ್ದು ಬಾ" ಅಂದ್ಲು. ಬೀಗದ ಕೈ ಕೇಳಲೂ ಇಲ್ಲ. ಕಾಯಿ ಒಡೆಯೋ ಕಲ್ಲು ಎರಡು ಕೈಲಿ ಎತ್ತಿ ಬೀಗಕ್ಕೆ ಬುಟ್ಲು. ಮೂರ್ನೇ ಏಟಿಗೆ ಬೀಗ ಆರಿ ಓಯ್ತು. ಆಗ ಊನೂ ಬಿತ್ತು ಸಾ. ಬಲಕ್ಕೋ ಎಡಕ್ಕೋ ನೋಡೋಕೆ ಯಾರ್ಗೂ ಪುರುಸೊತ್ತಿರ್ಲಿಲ್ಲ.

ಒಳಗೆ ಎಲ್ಲ ವಸದು. ಪ್ಲಾಸ್ಟಿಕ್ ಕವರೂ ಬಿಚ್ಚಿಲ್ಲ, ಊದುಗಡ್ಡಿ ವಾಸ್ನೆ ಒಡೀತಾ ಅದೆ. ವಾಕಿಟಾಕಿ ತಕಂಡು ಗುಂಡಿ ಒತ್ತಿದೆ. ಉಸ್ರಿಲ್ಲ. ಎಲ್ಲ ಗುಂಡೀನೂ ಒತ್ತಿದೆ. ವರ್ಸ ಪೂರ್ತಿ ಅದ್ರ ಮುಂದೆ ದೀಪ ಅಚ್ಚಿದ್ರು ಸಾ, ಒಂದಿನ ಅದ್ನ ತೆಗೆದು ಚಾರ್ಜಿಗೆ ಆಕ್ಲಿಲ್ಲ. ನಾನು ಅದ್ನ ಎತ್ತಿ ಕುಕ್ಕೋಕೆ ಓದೆ, ನಮ್ಮವಳು ಕಿತ್ಕಂಡ್ಲು. "ಅದ್ರ ಮ್ಯಾಲೆ ಯಾಕೆ ಸಿಟ್ಟು? ಜಾಕೀಟು ಆಕ್ಕಳಿ. ಅಗ್ಗ ಸೊಂಟಕ್ಕೆ ಕಟ್ಕಳಿ."

"ಯಾಕೆ?"

"ಅಳ್ಳ ದಾಟಿ ಆ ಕಡೆ ಕಟ್ಟೋಕೆ. ಮೊಸಳೆ ಮ್ಯಾಲೆ ಕುಂತು ದಿನಕ್ಕೆರಡು ಸಲ ದಾಟಿದೋರು ನೀವು. ಇವತ್ತೊಂದು ಸಲ ಮೊಸಳೆ ಇಲ್ದೆ ಓಗಿ ಬನ್ನಿ."

ಸಾ, ನಿಮ್ಗೊಂದು ಗುಟ್ಟು ಯೋಳ್ತೀನಿ. ಐವತ್ನಾಕು ವರ್ಸ ಒಳೆ ದಂಡೇಲಿ ಬದುಕಿವ್ನಿ, ನಂಗೆ ಈಜು ಬರಲ್ಲ. ಅವ್ಳಿಗೆ ಗೊತ್ತಿತ್ತು. ಗೊತ್ತಿದ್ದೂ ಅಂದ್ಲು. ಅಗ್ಗದ ಒಂದು ತುದಿ ಗುಡಿ ಮುಂದೆ ಅಳ್ಳದ ಅಂಚಲ್ಲಿರೋ ಬೇವಿನ ಮರಕ್ಕೆ ಅವ್ಳೇ ಕಟ್ಟಿದ್ಲು.

ಆಚೆ ದಡದಲ್ಲಿ ಏಳೆಂಟು ಜನ ಇದ್ರು. ಸಾಯ ಮಾಡೋಕೆ ಬಂದಿದ್ದಲ್ಲ, ನೀರು ನೋಡೋಕೆ. ಎಲ್ಲ್ರ ಕೈಲೂ ಪೋನು ಮ್ಯಾಲಕ್ಕೆ, ವಿಡ್ಯೋ ಇಡಿಯೋಕೆ. ರಾಣಿ ಪೆಟ್ಟಿಗೆಯಿಂದ ಪೀಪಿ ತಕಂಡು ಊದಿದ್ಲು. ಅವ್ರು ನಮ್ಗೆ ಟಾಟಾ ಮಾಡಿದ್ರು. ದಿಟ ಸಾ, ಟಾಟಾ ಮಾಡಿದ್ರು. ರಾಣಿ ಪೀಪಿ ಬುಡ್ಲಿಲ್ಲ. ಜೋರಾಗಿ ಮಾತಾಡಬ್ಯಾಡ, ನರ ಎಳ್ಕತದೆ ಅಂತ ಅವ್ವ ಒಂಬತ್ತು ದಿನ ಬಾಯಿ ಮುಚ್ಚಿಸಿದ್ದ ಉಡ್ಗಿ, ಕಣ್ಣಲ್ಲಿ ನೀರು ಸುರಿಸ್ಕಂಡು ಊದಿದ್ಲು. ಕೊನೆಗೆ ಮುಳ್ಳೂರಿನ ಗುರುಪ್ರಕಾಶ್ ಪೋನು ಕೆಳಗಿಳಿಸಿ, ಅವ್ನ ಟ್ಯಾಕ್ಟ್ರು ತಂದು ನೀರಿನ ಅಂಚಿಗೆ ನಿಲ್ಲಿಸ್ದ.

ನಾನು ಇಳ್ದೆ. ಕಾಲಿಗೆ ನೆಲ ಸಿಕ್ಕಿದ್ದು ನಾಕು ಎಜ್ಜೆ. ಐದ್ನೇದು ಇಲ್ಲ. ನೀರು ನನ್ನ ಎಂಗೆ ತಿರುಗಿಸ್ತು ಅಂದ್ರೆ, ಆಕಾಸ ಮೂರು ಸಲ ಕಂಡೆ, ಮಾರಮ್ಮನ ಗುಡಿ ತಲೆಕೆಳಗಾಗಿ ಒಂದು ಸಲ ಕಂಡೆ. ಮುಳುಗಿಸ್ತಾ ಇತ್ತು, ಜಾಕೀಟು ಎತ್ತಿ ಎತ್ತಿ ಆಕ್ತಾ ಇತ್ತು, ತಾಯಿ ಕೂಸ ಎತ್ತಂಗೆ. ಗುರುಪ್ರಕಾಶ್ ನನ್ನ ಕೊರಳಪಟ್ಟಿ ಇಡ್ದು ಎಳ್ಕಂಡ. ಅಗ್ಗ ಟ್ಯಾಕ್ಟ್ರಿಗೆ ಬಿಗಿದ್ವಿ.

ಈಗ ಕೂಸು. ಎದೆಗೆ ಕಟ್ಕಂಡು ಇಳಿದ್ರೆ ನೀರು ಮೊಕಕ್ಕೆ ಒಡೀತದೆ. ಆ ಕಡೆ ನೋಡ್ತೀನಿ, ಪುಟ್ಟಬಸಪ್ಪಣ್ಣ ಅಮ್ಮನ ಪರಸಾದ ಬೇಯ್ಸೋ ಕೊಪ್ಪರಿಗೆ ಉರುಳಿಸ್ಕಂಡು ಬತ್ತಾವ್ನೆ. ಅದ್ರಲ್ಲಿ ಒಂದು ಜಾಕೀಟು ಆಸಿ, ಅದ್ರ ಮ್ಯಾಲೆ ಕೂಸ ಮಲಗಿಸಿದ್ರು. ಕೊಪ್ಪರಿಗೆ ಬಳೆಗೆ ಅಗ್ಗ ತೂರ್ಸಿ, ಒಂದು ಕಡೆ ನಮ್ಮವಳು, ಒಂದು ಕಡೆ ರಾಣಿ, ಇಂದ್ಗಡೆ ಜಾಕೀಟು ಆಕ್ಕಂಡ ಪೂಜಾರಿ. ಮೈಲಿಗೆಗೂ ಮಡಿಗೂ ಒಂದೇ ಅಗ್ಗ. ಕೂಸು ದಾಟೋಗಂಟ ಅಳ್ಲಿಲ್ಲ. ದಡಕ್ಕೆ ತಂದು ಮಡಗಿದ ಮ್ಯಾಲೆ ಅತ್ತದ್ದು ನೋಡಿ, ಆ ಸದ್ದು ಅನೂರಿಗೆ ಕೇಳಿಸಿರಬೇಕು.

ಇಲ್ಲಿಗೆ ಮುಗಿದಿದ್ರೆ ಸಂದಾಗಿತ್ತು. ನೀರು ಇಳಿದ ವಾರಕ್ಕೆ ಈ ಜಗ್ಲಿ ಮ್ಯಾಲೆ ನ್ಯಾಯ ಸೇರ್ಸಿದ್ರು. ಯಜಮಾನ ಕೆಂಪನಂಜಪ್ಪ ಅಂದ, "ಪುರುಡಲ್ಲಿ ಗುಡಿ ಒಳ್ಗೆ ಓಗವ್ರೆ, ಅಮ್ಮನ ಪೆಟ್ಟಿಗೆ ಒಡೆದವ್ರೆ, ಕೊಪ್ಪರಿಗೇಲಿ ಕೂಸ ಮಲಗಿಸವ್ರೆ. ನೂರೊಂದು ಕೊಡ ಒಳೆ ನೀರು ಒತ್ತು ಗುಡಿ ತೊಳೀಬೇಕು."

ನಾನು ತಲೆ ತಗ್ಗಿಸಿ ಊಂ ಅನ್ನೋನೇ. ಚಿಕ್ಕನಿಂಗಮ್ಮ ಎದ್ದು ನಿಂತ್ಕಂಡ್ಲು. ಗುಡಿ ಗೋಡೇಲಿ ಕೆಸರಿನ ಗೆರೆ ಇತ್ತು, ಮಾರಮ್ಮನ ಎದೆಮಟ್ಟಕ್ಕೆ. ಅದ್ರ ಮ್ಯಾಲೆ ಬೆರಳು ಮಡಗಿದ್ಲು. "ಇಲ್ಲೀಗಂಟ ಒಳೆನೇ ಬಂದು ತೊಳೆದು ಓಗದೆ. ನೂರೊಂದು ಕೊಡಕ್ಕೆ ಎಷ್ಟು ಕಮ್ಮಿ ಬಿತ್ತು ಯೋಳಣ್ಣ, ತಂದು ಉಯ್ತೀನಿ."

ನೂರೊಂದು ಕೊಡದ ಮಾತು ಅಲ್ಲಿಗೇ ಬಿದ್ದೋಯ್ತು. ಆದ್ರೂ ನೋಡಿ, ಮಾರ್ನೇ ದಿನ ಪೆಟ್ಟಿಗೆಗೆ ವಸ ಬೀಗ ಬಂತು, ವಸ ಕುಂಕುಮ ಬಂತು, ಅದೇ ಜಾಗದಲ್ಲಿ ಮಡಗಿದ್ರು. ಈಗ ಮೊದ್ಲಿಗಿಂತ ಜಾಸ್ತಿ ಸತ್ಯವಂತೆ, ಕೂಸು ಉಳ್ಸಿದೋಳಂತೆ. ನಾನು ಬಾಯಿ ಬಡ್ಕಂಡೆ. ಸುಳ್ಳ ಮುತ್ತಯ್ಯನ ಮಾತು ಯಾರು ಕೇಳ್ತಾರೆ?

ನಮ್ಮವಳು ಪೆಟ್ಟಿಗೆಗೆ ಅಂತ ಅಟ್ಟೀಲಿ ಜಾಗ ಮಾಡವ್ಳೆ ಸಾ, ಅಟ್ಟದ ಮ್ಯಾಲೆ, ಪ್ಲಗ್ಗಿನ ಪಕ್ಕ. ನಮ್ಮಲ್ಲಿ ಅದ್ಕೆ ಯಾರೂ ಊ ಮುಡಿಸಲ್ಲ, ಅಟ್ಟಿ ತುಂಬ ಮೈಲಿಗೆ. ಸಣ್ಣ ಮಗ್ಳೂ ಈಗ ಏಳು ತಿಂಗ್ಳ ಬಸ್ರಿ, ನೀರು ಬರೋ ಒತ್ಗೇ ಎರಿಗೆ. ಪುಟ್ಟಬಸಪ್ಪಣ್ಣ ನೀರಿಗೆ ಓಗವ್ನೆ, ಮಡಿ ಉಟ್ಕಂಡು ಬರೋಕೆ ಅರ್ಧ ಗಂಟೆ ಆಯ್ತದೆ. ನಾನು ಎತ್ತಿದ್ರೆ ಕಳ್ತನ, ನೀವು ಎತ್ತಿದ್ರೆ ಸರ್ಕಾರ. ಬೂಟು ಬಿಚ್ಚೋದೇನೂ ಬ್ಯಾಡ, ಬನ್ನಿ ಸಾ, ಆ ಕಡೆ ಇಡಿಕೆ ನೀವು ಇಡ್ಕಳಿ. ವಸಿ ಬಾರ ಅದೆ.