ಬಾಚಣಿಗೆ ಮುದ್ರೆಯ ಕೋವಿ

ಚಿಕ್ಕಪ್ಪ ಕೋವಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಸಂಗ್ರಹಾಲಯಕ್ಕೆ ಹೊರಟಾಗ ಮದುಮಗನ ಹಾಗೆ ಬೀಗುತ್ತಿದ್ದರು. ವಾಪಸು ಬಂದಾಗ ಮುಖ ಸಪ್ಪಗಾಗಿತ್ತು.

"ನಕಲಿ ಅಂತೆ," ಎಂದು ಕಂಬಳಿಯ ಸಮೇತ ಅದನ್ನು ಮಂಚಕ್ಕೆ ಒರಗಿಸಿದರು. "ಹೆಸರಲ್ಲಿ ಒಂದಕ್ಷರ ತಪ್ಪಿದೆಯಂತೆ."

ನಡುಕೋಣೆಯ ಗೋಡೆಯಲ್ಲಿ ತಲೆಮಾರುಗಳಿಂದ ತೂಗುತ್ತಿದ್ದ ರೈಫಲ್ಲು ಅದು. ಮುತ್ತಾತ ಬಂದೂಕಿನ ಅಂಗಡಿ ಇಟ್ಟಿದ್ದಾಗ ಕಡಲಾಚೆಯ ಹೆಸರಾಂತ ಕಾರ್ಖಾನೆಯಿಂದ ತರಿಸಿದ್ದು ಎಂದು ಚಿಕ್ಕಪ್ಪ ಮನೆಗೆ ಬಂದವರನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದರು. ಕಾರ್ಖಾನೆಯ ಹೆಸರು ಗುಂಡು ಹಾರಿಸುವ ಕುದುರೆಯ ಪಕ್ಕದ ತಗಡಿನ ಮೇಲೆ ಕೊರೆದಿತ್ತು. ಆ ಹೆಸರನ್ನೇ ನಂಬಿ ಅವರು ಹಳೆಯ ಆಯುಧಗಳ ಪ್ರದರ್ಶನಕ್ಕೆ ಕೋವಿಯನ್ನು ಕೊಡಲು ಓಡಿದ್ದರು.

ಅವರ ಅಣ್ಣನ ಮಗಳು ಆಗಷ್ಟೇ ಕ್ಲಿನಿಕ್ಕಿನಿಂದ ಬಂದಿದ್ದಳು. ಹಲ್ಲಿನ ಡಾಕ್ಟರಾದ ಅವಳಿಗೆ ಅರ್ಧಕ್ಕೆ ಬಿಟ್ಟ ಕೆಲಸ ಕಂಡರೆ ಆಗದು.

"ಕಾರ್ಖಾನೆಯದ್ದಲ್ಲ ಅಂದ್ರೆ ಇನ್ಯಾರೋ ಮಾಡಿರಲೇಬೇಕಲ್ಲ ಚಿಕ್ಕಪ್ಪ? ಕೋವಿ ತಾನಾಗೇ ಹುಟ್ಟುತ್ತಾ?"

"ನನ್ನ ಮಾನ ಹೋಗಿದ್ದು ಸಾಲದಾ? ನೀನೂ ಹೋಗಿ ಕೇಳಿಸ್ಕೊಂಡು ಬಾ," ಎಂದು ಚಿಕ್ಕಪ್ಪ ಗೋಡೆಯ ಕಡೆ ತಿರುಗಿ ಮಲಗಿದರು.

ಅವಳು ರಜೆಯ ದಿನ ಕೋವಿಯನ್ನು ಎತ್ತಿಕೊಂಡು ನಿಜವಾಗಿಯೂ ಹೋದಳು. ಆಯುಧ ವಿಭಾಗದ ಅಧಿಕಾರಿ ಒರಟರಾಗಿರಲಿಲ್ಲ.

"ನಕಲಿ ಅಂದಿದ್ದು ಹೆಸರಿಗೆ, ಡಾಕ್ಟ್ರೇ. ಕೆಲಸ ಬಹಳ ಚೆನ್ನಾಗಿದೆ ಅಂತ ಹೇಳೋಷ್ಟರಲ್ಲಿ ನಿಮ್ಮ ಚಿಕ್ಕಪ್ಪ ಎದ್ದೇ ಹೋದ್ರು."

ಇಬ್ಬರೂ ಸೇರಿ ನಳಿಗೆಯನ್ನು ಮರದ ಹಿಡಿಯಿಂದ ಬಿಡಿಸಿದರು. ಅಡಿಭಾಗದಲ್ಲಿ ಗಟ್ಟಿ ತುಕ್ಕು ಕೂತಿತ್ತು. ಅಧಿಕಾರಿ ಎಣ್ಣೆ ಬಿಟ್ಟು ಸಡಿಲಿಸಿದರು. ಅವಳು ತನ್ನ ಸಣ್ಣ ಬ್ರಷ್ಷಿನಿಂದ ತಾಳ್ಮೆಯಾಗಿ ಉಜ್ಜಿದಳು. ತುಕ್ಕಿನ ಕೆಳಗೆ ಅಕ್ಕಿಕಾಳಿನಷ್ಟು ಸಣ್ಣ ಗುರುತೊಂದು ಇತ್ತು. ಕಣ್ಣಿಗೆ ಸರಿಯಾಗಿ ಹಿಡಿಯಲಿಲ್ಲ. ಕ್ಲಿನಿಕ್ಕಿನಿಂದ ತಂದಿದ್ದ ಹಲ್ಲಿನ ಅಚ್ಚು ತೆಗೆಯುವ ಪೇಸ್ಟನ್ನು ಕಲಸಿ ಅದರ ಮೇಲೆ ಒತ್ತಿ, ಗಟ್ಟಿಯಾದ ಮೇಲೆ ಎತ್ತಿ ದೀಪಕ್ಕೆ ಹಿಡಿದಳು. ಮೂರು ಹಲ್ಲಿನ ಪುಟ್ಟ ಬಾಚಣಿಗೆ ಎದ್ದು ಕಾಣಿಸಿತು.

"ಮಧ್ಯದ ಹಲ್ಲಿನ ತುದಿ ಮುರಿದಿದೆ. ಪೇಷಂಟು ನಂದೇ," ಎಂದು ನಕ್ಕಳು.

ಅಧಿಕಾರಿ ನಗಲಿಲ್ಲ. ನೇರ ಒಳಗೆ ಹೋಗಿ, ಪ್ರದರ್ಶನದ ಗಾಜಿನ ಪೆಟ್ಟಿಗೆಯಿಂದ ಇನ್ನೊಂದು ಕೋವಿಯನ್ನು ಎತ್ತಿ ತಂದರು. ಸಂಗ್ರಹಾಲಯದಲ್ಲೇ ಅತ್ಯುತ್ತಮವಾದದ್ದು. ಅದರ ನಳಿಗೆಯ ಅಡಿಯಲ್ಲೂ ಅದೇ ಬಾಚಣಿಗೆ.

"ಈ ಕೈಯ ಕೋವಿಗಳು ಬೇರೆ ಊರುಗಳಲ್ಲೂ ಇವೆ. ನಾವೆಲ್ಲ ಅವನನ್ನ ಬಾಚಣಿಗೆ ಮೇಸ್ತ್ರಿ ಅಂತೀವಿ. ಯಾರು, ಎತ್ತ ಅಂತ ಒಬ್ರಿಗೂ ಗೊತ್ತಿಲ್ಲ."

ಮನೆಯಲ್ಲಿ ಈ ಸುದ್ದಿ ಕೇಳಿದ್ದೇ ತಡ, ಚಿಕ್ಕಪ್ಪ ಹಾಸಿಗೆ ಬಿಟ್ಟು ಎದ್ದರು. "ಮೇಸ್ತ್ರಿ ನಮ್ಮ ಮುತ್ತಾತನೇ! ಇನ್ಯಾರು?"

ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದ ಸೋದರತ್ತೆ, ಚಿಕ್ಕಪ್ಪನ ಅಕ್ಕ, ತಲೆಯೆತ್ತಿದರು. "ಅವನಿಗೆ ಗೋಡೆಗೆ ಮೊಳೆ ಹೊಡೆಯೋಕೂ ಬರ್ತಿರಲಿಲ್ವಂತೆ ಕಣೋ. ಸಣ್ಣಜ್ಜಿ ಹೇಳ್ತಿದ್ದಳು."

ಸಣ್ಣಜ್ಜಿ ಎಂದರೆ ಮುತ್ತಾತನ ಮಗಳು. ಅತ್ತೆಯನ್ನು ಸಾಕಿ ಬೆಳೆಸಿದವಳು.

"ಮತ್ತೆ ಯಾರು ಮಾಡ್ತಿದ್ದಿದ್ದು ಅತ್ತೆ?"

"ಅವಳ ಅಮ್ಮ, ನಮ್ಮ ಮುತ್ತಜ್ಜಿ. ಕೋವಿ ಕಮ್ಮಾರನ ಮಗಳು. ಗಂಡ ಮುಂದಿನ ಅಂಗಡೀಲಿ ಕೂತು ಮಾರೋದು, ಇವಳು ಹಿಂದಿನ ಕೋಣೇಲಿ ಅರ ಹಿಡ್ಕೊಂಡು ಕಬ್ಬಿಣ ಉಜ್ಜೋದು. ಹಾಗಂತ ಸಣ್ಣಜ್ಜಿ ಹೇಳಿದ್ರೆ ಎಲ್ರೂ ನಗೋರು. ಆಮೇಲೆ ಅವಳು ಹೇಳೋದೇ ಬಿಟ್ಟಳು."

"ಅವರು ಮಾಡಿದ್ದು ಬೇರೆ ಏನಾದ್ರೂ ಉಳಿದಿದೆಯಾ?"

ಅತ್ತೆ ತಮ್ಮ ಕಬ್ಬಿಣದ ಪೆಟ್ಟಿಗೆಯ ಕಡೆ ನೋಡಿದರು. ಅದಕ್ಕೆ ತೂಗುಹಾಕಿದ್ದ ಬೀಗ ಸಣ್ಣಜ್ಜಿಯಿಂದ ಬಂದದ್ದು. ಈಗಲೂ ಬೀಗದ ಕೈ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗುತ್ತಿತ್ತು.

"ಬಿಚ್ಚಿ ನೋಡ್ಲಾ?"

"ಕೆಟ್ಟುಹೋದ್ರೆ?"

"ದಿನಾ ಹಲ್ಲು ಕೀಳೋಳಿಗೆ ಬೀಗ ಬಿಚ್ಚೋದು ಕಷ್ಟವಾ ಅತ್ತೆ?"

"ಅದಕ್ಕೇ ಕಣೇ ಭಯ!"

ಆದರೂ ಸಂಗ್ರಹಾಲಯದಲ್ಲಿ ಬಿಚ್ಚಿಸುವುದಕ್ಕೆ ಅತ್ತೆ ಒಪ್ಪಿದರು. ತಾವೂ ಜೊತೆಗೆ ಬರುವುದಾಗಿ ಹಟ ಹಿಡಿದು, ಬೀಗವನ್ನು ಮಡಿಲಲ್ಲಿಟ್ಟುಕೊಂಡೇ ಸಂಗ್ರಹಾಲಯಕ್ಕೆ ಬಂದರು. ಅಧಿಕಾರಿ ತಿರುಪುಗಳನ್ನು ಒಂದೊಂದಾಗಿ ಸಡಿಲಿಸಿ ಹಿಂದಿನ ತಗಡನ್ನು ಎತ್ತಿದರು. ಅದರ ಒಳಮೈಯಲ್ಲಿ ಬೇರೆ ಯಾರಾದರೂ ಓದಲೆಂದು ಬರೆಯದ ಒಂದು ಸಾಲು ಕೊರೆದಿತ್ತು:

ಮಗಳಿಗೆ, ಅಮ್ಮ ಮಾಡಿದ್ದು.

ಕೆಳಗೆ ಬಾಚಣಿಗೆ.

ಡಾಕ್ಟರಮ್ಮ ಅವಸರದಲ್ಲಿ ಪೇಸ್ಟು ಕಲಸಿದಳು. ಮೊದಲ ಸಲ ಕಲಸಿದ ಪೇಸ್ಟು ಕೆಟ್ಟಿತು. ಎರಡನೆಯ ಸಲ ಅಚ್ಚು ಸರಿಯಾಗಿ ಬಂತು. ಎರಡು ಕೋವಿಗಳ ಅಚ್ಚುಗಳ ಪಕ್ಕ ಇದನ್ನೂ ಇಟ್ಟು ಅಧಿಕಾರಿ ಸೂಕ್ಷ್ಮದರ್ಶಕಕ್ಕೆ ಬಾಗಿದರು. ತಲೆಯೆತ್ತಿದಾಗ ಅವರ ಕಣ್ಣು ಹೊಳೆಯುತ್ತಿತ್ತು.

"ಮೂರರಲ್ಲೂ ಮಧ್ಯದ ಹಲ್ಲು ಅಲ್ಲೇ, ಅಷ್ಟೇ ಮುರಿದಿದೆ. ಒಂದೇ ಮುದ್ರೆ, ಒಂದೇ ಕೈ. ಇಷ್ಟು ವರ್ಷ ಅವನು, ಅವನು ಅಂತ ಬರೀತಾ ಬಂದ್ವಲ್ಲ ಡಾಕ್ಟ್ರೇ!"

"ಹಾಗಾದ್ರೆ ಆ ಪರದೇಶದ ಹೆಸರು?" ಅತ್ತೆ ಕೇಳಿದರು.

"ಹೆಂಗಸು ಮಾಡಿದ ಕೋವಿ ಅಂದ್ರೆ ಆಗ ಯಾರು ಕೊಳ್ತಿದ್ರು ತಾಯಿ? ಅದಕ್ಕೇ ಮೇಲೆ ಆ ಕಾರ್ಖಾನೆಯ ಹೆಸರು ಹಾಕಿ, ಯಾರೂ ನೋಡದ ಕಡೆ ತನ್ನ ಗುರುತು ಒತ್ತಿದ್ದಾರೆ ಅನ್ಸುತ್ತೆ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಸಣ್ಣಜ್ಜಿ ಸುಳ್ಳು ಹೇಳಿರಲಿಲ್ಲ," ಎಂದರು.

ಬೇರೆ ಊರಿನ ಸಂಗ್ರಹಾಲಯಗಳಿಂದಲೂ ಅಚ್ಚುಗಳು ಬಂದವು. ಎಲ್ಲದರಲ್ಲೂ ಅದೇ ಮುರಿದ ಹಲ್ಲು. ಪ್ರದರ್ಶನ ತೆರೆದ ದಿನ ಮನೆಯ ಕೋವಿಗೆ ಸಭಾಂಗಣದ ನಟ್ಟನಡುವಿನ ಜಾಗ ಸಿಕ್ಕಿತ್ತು. ಫಲಕದಲ್ಲಿ 'ತಯಾರಕರು' ಎಂಬಲ್ಲಿ ಮುತ್ತಜ್ಜಿಯ ಪೂರ್ತಿ ಹೆಸರು, ದಪ್ಪ ಅಕ್ಷರದಲ್ಲಿ. ಚಿಕ್ಕಪ್ಪ ಹೊಸ ಅಂಗಿ ತೊಟ್ಟು ಅದರ ಪಕ್ಕದಲ್ಲೇ ಬೀಡುಬಿಟ್ಟಿದ್ದರು.

"ಕಾರ್ಖಾನೆ ಗೀರ್ಖಾನೆ ಎಲ್ಲ ಬಿಡಿ ಸ್ವಾಮಿ. ಇದು ನಮ್ಮ ಮುತ್ತಜ್ಜಿ ಮಾಡಿದ್ದು. ಹೌದು, ಹೆಂಗಸೇ!"

ಭಾಷಣಗಳು ಮುಗಿದ ಮೇಲೆ ಅಧಿಕಾರಿ ಗಾಜನ್ನು ತೆರೆದು, ಅತ್ತೆಯ ಕೈಗೆ ಬಿಳಿ ಗವಸು ತೊಡಿಸಿ, ಖಾಲಿ ಕೋವಿಯನ್ನು ಕೊಟ್ಟರು. ಫೋಟೋ ತೆಗೆಯುವವರು ಮುಂದೆ ನುಗ್ಗಿದರು. ಡಾಕ್ಟರಮ್ಮ ಭಾರಕ್ಕೆ ಆಸರೆಯಾಗಲು ಕೈ ಚಾಚಿದಳು. ಅತ್ತೆ ಆ ಕೈಯನ್ನು ಮೊಣಕೈಯಿಂದ ಸರಿಸಿ, ಕೋವಿಯನ್ನು ಹೆಗಲಿಗೇರಿಸಿ, ಒಂದು ಕಣ್ಣು ಮುಚ್ಚಿ ಗುರಿಯಿಟ್ಟರು.

ಎದುರಿಗಿದ್ದ ಗಣ್ಯರೆಲ್ಲ ದಡಬಡನೆ ಪಕ್ಕಕ್ಕೆ ಸರಿದರು. ಸಭಾಂಗಣವೆಲ್ಲ ನಗುವಿನಿಂದ ತುಂಬಿತು, ಹಿಂದೆಯೇ ಚಪ್ಪಾಳೆ.