ನಯೀಮನ ಪೂರ್ವಪಕ್ಷ

ಸೊರಬದಲ್ಲಿ ತಿಂಗಳಿಗೊಂದು ಭಾನುವಾರ ಸೇರುವ ಅಧ್ಯಯನ ಬಳಗಕ್ಕೆ ಒಂದು ನಿಯಮವಿತ್ತು. ಅಲ್ಲಿಗೆ ಬರುವವರೆಲ್ಲ ಎಡಪಂಥದವರು, ಹೆಚ್ಚಿನವರು ಅರ್ಥಶಾಸ್ತ್ರ ಕಲಿಸುವವರು. ಮುಕ್ತ ಮಾರುಕಟ್ಟೆಯ ಪರ ಮಾತಾಡಲು ಅವರ ನಡುವೆ ಒಬ್ಬರೂ ಸಿಗುತ್ತಿರಲಿಲ್ಲ. ಹಾಗಾಗಿ ಪ್ರತಿ ಸಲ ಯಾರಾದರೊಬ್ಬರು ಪೂರ್ವಪಕ್ಷ ಹಿಡಿಯಬೇಕಿತ್ತು. ಎದುರಾಳಿಯ ವಾದವನ್ನು ಎದುರಾಳಿಗಿಂತ ಚೆನ್ನಾಗಿ ಮಂಡಿಸಿ, ಆಮೇಲೆ ಅದೇ ಬಾಯಿಂದ ಖಂಡಿಸಬೇಕಿತ್ತು.

"ಎದುರಿನವನ ಮಾತು ಸೊಟ್ಟ ಮಾಡಿ ಸೋಲಿಸೋದು ಹೇಡಿ ಕೆಲಸ ಮಾರಾಯ್ರೆ," ಎನ್ನುತ್ತಿದ್ದರು ಈ ಪದ್ಧತಿ ತಂದ ನಿವೃತ್ತ ಪ್ರಾಧ್ಯಾಪಕ ಪರಮಶಿವಪ್ಪ.

ಆ ಭಾನುವಾರದ ಪೂರ್ವಪಕ್ಷ ನಯೀಮನ ಪಾಲಿಗೆ ಬಂತು. ನಯೀಮ್ ಶಿಕಾರಿಪುರದವನು. ಶಿವಮೊಗ್ಗದಲ್ಲಿ ಹಗಲು ಬಟ್ಟೆ ಹೊಲಿದು, ಸಂಜೆ ಕಾಲೇಜಿನಲ್ಲಿ ಓದಿ, ಈಗ ಸೊರಬದಲ್ಲಿ ಅತಿಥಿ ಉಪನ್ಯಾಸಕನಾಗಿದ್ದ. ಬಳಗದಲ್ಲಿ ಬಾಯಿ ತೆರೆದಾಗಲೆಲ್ಲ ತಾನು ಓದದೇ ಬಿಟ್ಟ ಪುಸ್ತಕಗಳೇ ಅವನ ಕಣ್ಣ ಮುಂದೆ ಬರುತ್ತಿದ್ದವು.

ಚರ್ಚೆಯ ವಿಷಯ ಹೊಸ ವ್ಯಾಪಾರ ಒಪ್ಪಂದದ ಒಂದು ಷರತ್ತು. ಕೆಲಸಗಾರರ ಹಕ್ಕು ಮುರಿಯುವ ಕಾರ್ಖಾನೆಯ ಬಟ್ಟೆಯನ್ನು ಹೊರದೇಶದವರು ತಮ್ಮಲ್ಲಿಗೆ ಬಿಟ್ಟುಕೊಳ್ಳುವುದಿಲ್ಲವಂತೆ. ಇದನ್ನು ಸ್ವಾಗತಿಸಬೇಕೇ ಬೇಡವೇ?

"ಇಲ್ಲಿ ಕಾನೂನು ಮಲಗಿದ್ರೆ ಹೊರಗಿನವರಾದ್ರೂ ಬಂದು ಎಬ್ಬಿಸ್ಲಿ," ಎಂದರು ಉಪನ್ಯಾಸಕಿ ಸಾವಿತ್ರಿಬಾಯಿ. "ಮನುಷ್ಯರ ಹಕ್ಕಿಗೆ ಪಾಸ್‌ಪೋರ್ಟ್ ಬೇಕಾ?"

"ಎಬ್ಬಿಸೋಕೆ ಬಂದವರು ಹೊರಗಿಂದ ಚಿಲಕ ಹಾಕ್ಕಂಡು ಹೋಗ್ತಾರೆ ಮೇಡಂ," ಎಂದರು ಪರಮಶಿವಪ್ಪ. "ಅವರ ಗಿರಣಿ ಉಳಿಸ್ಕಳೋಕೆ ನಮ್ಮ ಹೆಣ್ಮಕ್ಕಳ ನೆಪ. ಆರ್ಡರ್ ಬೇರೆ ದೇಶಕ್ಕೆ ಹೋಯ್ತು ಅಂದ್ರೆ ಇವರ ಗತಿ?"

"ಹಂಗಾರೆ ನಿಮ್ಮ ಸಮಾಜವಾದ ಬರೋವರೆಗೂ ಅವರು ಮಿಷನ್ ಮುಂದೆ ಉಚ್ಚೆ ತಡ್ಕಂಡು ಕೂರಬೇಕಾ ಸರ್?" ಎಂದರು ಸಾವಿತ್ರಿಬಾಯಿ.

ಎಲ್ಲರೂ ನಕ್ಕರು. ನಯೀಮನಿಗೆ ನಗು ಬರಲಿಲ್ಲ. ಅವನ ತಂಗಿ ಫರ್ಹಾನಾ ಶಿಕಾರಿಪುರದ ಹೊರಗಿನ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಅಲ್ಲಿ ಬಾತ್‌ರೂಮಿಗೆ ಹೋಗಲು ಮಿಷನ್‌ಗಳ ಒಂದು ಸಾಲಿಗೆ ಒಂದೇ ಟೋಕನ್. ಅದು ಮರಳುವ ತನಕ ಮುಂದಿನವಳು ಕಾಯಬೇಕು.

ಅವನ ಸರದಿ ಬಂತು. ಹೆದರಿಕೆಗೋ ಏನೋ, ಪುಸ್ತಕದ ಮಾತು ಮರೆತು ಮನೆಯಲ್ಲಿ ತಂಗಿಯಿಂದ ಕೇಳಿದ್ದೇ ನಾಲಿಗೆಗೆ ಬಂತು. "ಬಾತ್‌ರೂಮಿಗೆ ಟೋಕನ್ ಯಾಕೆ ಅಂತ ಕೇಳ್ತೀರಿ. ಒಬ್ಬಳು ಎದ್ದರೆ ಸಾಲು ನಿಲ್ಲುತ್ತೆ. ಸಾಲು ನಿಂತರೆ ಆರ್ಡರ್ ನಿಲ್ಲುತ್ತೆ. ನೀರು ಕಡಿಮೆ ಕುಡಿಯೋದು ಅವಳ ಆಯ್ಕೆ. ಬೇಡ ಅಂದರೆ ಬಿಟ್ಟು ಹೋಗಲಿ, ಯಾರೂ ಕಟ್ಟಿ ಹಾಕಿಲ್ಲ. ಅವಳ ಜಾಗಕ್ಕೆ ಹತ್ತು ಜನ ಕಾಯ್ತಿದಾರೆ. ಹಕ್ಕು ಹಕ್ಕು ಅಂತ ನೀವು ಕೂಗಿದಷ್ಟೂ ಆ ಹತ್ತು ಜನರ ಅನ್ನ ಕಿತ್ತುಕೊಳ್ತೀರಿ."

ಆಮೇಲೆ ಅವನು ಮಾಡಿದ ಖಂಡನೆ ಕೂಡ ಚೆನ್ನಾಗಿಯೇ ಇತ್ತು. ಆದರೆ ಪರಮಶಿವಪ್ಪನವರು ತಮ್ಮ ಹಳೆಯ ಶಿಷ್ಯರ ವಾಟ್ಸಾಪ್ ಗುಂಪಿಗೆ ಹಾಕಿದ್ದು ಮೊದಲ ಅರ್ಧದ ರೆಕಾರ್ಡಿಂಗನ್ನು ಮಾತ್ರ. ಕೆಳಗೆ ಪಾಠ ಕೊಡುವವರಂತೆ ಬರೆದರು: "ಪೂರ್ವಪಕ್ಷ ಹೀಗಿರಬೇಕು. ಖಂಡನೆ ನೀವೇ ಬರೆಯಿರಿ."

ಮಂಗಳವಾರ ಸಂಜೆ ಕೆಲಸದಿಂದ ಬಂದ ಫರ್ಹಾನಾ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು.

"ಭಾಯಿ, ಇವತ್ತು ನಮ್ಮ ಶೆಡ್ಡಿನಲ್ಲಿ ನಿನ್ನ ದನಿ ಕೇಳಿದೆ."

"ನನ್ನ ದನಿನಾ?" ಎಂದ ನಯೀಮ್.

"ವಾಟ್ಸಾಪಲ್ಲಿ ಆಫೀಸಿನವರಿಗೆ ಬಂತಂತೆ, ಸ್ಪೀಕರಿನಲ್ಲಿ ಹಾಕಿದ್ರು. ಕೆಂಬಾವುಟದವರೇ ಹಿಂಗಂತಾರೆ, ಕೇಳ್ರಿ ಅಂತ. ಊಟಕ್ಕೆ ಮುಂಚೆ ಒಂದ್ಸಲ, ಆದ್ಮೇಲೆ ಒಂದ್ಸಲ."

ಬಟ್ಟೆ ಕೊಳ್ಳುವ ಹೊರದೇಶದ ಕಂಪನಿಯ ಆಡಿಟ್‌ನವರು ಗುರುವಾರ ಕಾರ್ಖಾನೆಯ ತಪಾಸಣೆಗೆ ಬರುವವರಿದ್ದರು. ಟೋಕನ್ ವಿಷಯ ಅವರ ಮುಂದೆ ಹೇಳಬೇಕೆಂದು ಫರ್ಹಾನಾಳ ಸಾಲಿನ ಐದು ಜನ ಮಾತಾಡಿಕೊಂಡಿದ್ದರು. ಅದು ಅವನಿಗೂ ಗೊತ್ತಿತ್ತು.

"ಉಳಿದವರು?"

"ಯಾರೂ ಬರಲ್ಲ ಅಂದ್ರು. ನಮ್ಮ ಪರ ಇರೋರೇ ಹಿಂಗಂದ ಮೇಲೆ ನಾಡಿದ್ದು ಯಾರು ನಿಲ್ತಾರೆ ಅಂತ ನಮ್ಮ ಸಾಲಿನ ಚೌಡೇಶ್ವರಿ ಕೇಳಿದ್ಲು. ನಾನೇನು ಹೇಳಲಿ? ಅವನು ನಮ್ಮಣ್ಣ ಅನ್ನಲಾ?"

ಅಮ್ಮ ಕುಬ್ರಾ ಬೀ ಒಳಗಿನಿಂದ, "ಮೊದಲು ನೀರು ಕುಡಿ ಬೇಟಾ," ಎಂದರು. ಫರ್ಹಾನಾ ಲೋಟ ಮುಟ್ಟಲಿಲ್ಲ.

ನಯೀಮ್ ಪರಮಶಿವಪ್ಪನವರಿಗೆ ಫೋನ್ ಮಾಡಿದ. ಅವರು ಮೊದಲು, "ಅಳಿಸ್ತೀನಿ ಮಾರಾಯ," ಎಂದರು. ಮತ್ತೆ ತಾವೇ, "ನಮ್ಮ ಗುಂಪಿಂದ ಅಳಿಸಬಹುದು, ಅವರ ಸ್ಪೀಕರಿಂದ ಹೆಂಗೆ ಅಳಿಸೋದು?" ಎಂದರು. ಪತ್ರಿಕೆಗೆ ಹೇಳಿಕೆ ಕೊಡೋಣವೇ ಎಂದು ಕೇಳಿದರು. ಗುರುವಾರಕ್ಕೆ ಮುಂಚೆ ಶೆಡ್ಡಿನೊಳಗೆ ಯಾರು ಪತ್ರಿಕೆ ಓದುತ್ತಾರೆ?

ರಾತ್ರಿಯಿಡೀ ಅವನು ಲೆಕ್ಕ ಹಾಕಿದ. ಸುಮ್ಮನಿದ್ದರೆ ತಂಗಿ ಒಬ್ಬಳೇ ಹೇಳುತ್ತಾಳೆ, ಸಿಕ್ಕಿಬೀಳುತ್ತಾಳೆ. ಗೇಟಿಗೆ ಹೋಗಿ ಆ ಮಾತು ತನ್ನದಲ್ಲವೆಂದರೆ ಟೋಕನ್ ವಿಷಯ ಒಳಗಿನಿಂದ ಹೇಳಿದವರು ಯಾರೆಂದು ಕಾರ್ಖಾನೆಯವರು ಹುಡುಕುತ್ತಾರೆ, ಆಗಲೂ ಸಿಕ್ಕಿಬೀಳುತ್ತಾಳೆ. ಯಾವುದು ಧೈರ್ಯ, ಯಾವುದು ಮತ್ತೊಂದು ತಪ್ಪು ಎಂದು ಅವನಿಗೆ ತಿಳಿಯಲಿಲ್ಲ.

ಬೆಳಿಗ್ಗೆ ಫರ್ಹಾನಾ ದುಪಟ್ಟಾ ಸಿಕ್ಕಿಸಿಕೊಳ್ಳುತ್ತ ಅಂದಳು: "ಸಂಜೆ ಗೇಟಿಗೆ ಬಾ. ಬಂದು ನಮ್ಮ ಜೊತೆಯವರಿಗೆ ಹೇಳು. ಆದ್ರೆ ನನ್ನ ಕಡೆ ಮಾತ್ರ ನೋಡಬ್ಯಾಡ."

ಸೊರಬದಲ್ಲಿ ಪಾಠ ಮುಗಿಸಿ ಅವನು ಬಸ್ಸು ಹತ್ತಿದ. ನಡುದಾರಿಯ ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಇಳಿದುಬಿಡಲೇ ಎನಿಸಿತು. ಇಳಿಯಲಿಲ್ಲ. ಕಾರ್ಖಾನೆಯ ಎದುರು ಹಳ್ಳಿಗಳಿಗೆ ಹೋಗುವ ಬಸ್ಸುಗಳು ಸಾಲಾಗಿ ನಿಂತಿದ್ದವು. ಹೆಂಗಸರು ಹೊರಗೆ ಬಂದರು. ಗೇಟಿನ ಪಕ್ಕ, ಹೊಲಿಗೆ ಸಾಲುಗಳ ಮೇಲ್ವಿಚಾರಣೆ ಮಾಡುವ ಫ್ಲೋರ್ ಇನ್‌ಚಾರ್ಜ್ ಹುಲಿಯಪ್ಪ ಕೈಕಟ್ಟಿ ನಿಂತಿದ್ದ.

"ಅಕ್ಕ, ಒಂದು ನಿಮಿಷ ನಿಲ್ರಿ," ಎಂದ ನಯೀಮ್.

ಈಸೂರಿನ ಬಸ್ಸಿನತ್ತ ಹೊರಟಿದ್ದ ಒಬ್ಬಾಕೆ ಗಕ್ಕನೆ ತಿರುಗಿದಳು. "ಏ, ಇದು ಸ್ಪೀಕರಿನ ದನಿ ಅಲ್ಲೇನ್ರೇ?"

"ಹೌದು. ನಂದೇ."

"ಬಾರಪ್ಪ ಬಾ! ನೀರು ಕಡಿಮೆ ಕುಡೀರಿ ಅಂತೀಯಲ್ಲ, ನೀನು ಒಂದಿನ ಮಿಷನ್ ಮುಂದೆ ಹಂಗೇ ಕೂತು ತೋರ್ಸು ನೋಡಣ!"

"ಚೌಡೇಶ್ವರಿ, ಸುಮ್ಕೆ ಬಸ್ ಹತ್ತೇ," ಎಂದು ಯಾರೋ ಕೂಗಿದರು. ಆಕೆ ಹತ್ತಲಿಲ್ಲ.

"ಅದು ನನ್ನ ಮಾತಲ್ಲ ಅಕ್ಕ. ನಮ್ಮಲ್ಲಿ ಒಂದು ಪದ್ಧತಿ... ಮೊದಲು ಎದುರಿನವರ ವಾದ ಹೇಳಬೇಕು. ಮಾಲೀಕರ ವಾದ. ಆಮೇಲೆ ಅದು ಯಾಕೆ ತಪ್ಪು ಅಂತ... ತಪ್ಪು ಅಂತಲೂ ಹೇಳಿದ್ದೆ. ಇಲ್ಲಿ ಕೇಳಿಸಿದ್ದು ಮೊದಲ ಅರ್ಧ ಅಷ್ಟೆ."

"ಸುಳ್ಳು ಹೇಳುವಾಗ ನೀರು ಹರಿದಂಗೆ ಹೇಳಿದ್ದೆ. ನಿಜಕ್ಕೆ ಯಾಕೆ ಹಿಂಗೆ ತೊದಲ್ತೀಯ?"

ಹೆಂಗಸರು ನಕ್ಕರು. ಹುಲಿಯಪ್ಪನೂ ನಕ್ಕು ಫೋನು ಎತ್ತಿ ಚಿತ್ರೀಕರಿಸತೊಡಗಿದ. "ಯಾವ ಊರಿನವರ್ರೀ ನೀವು? ಟೋಕನ್ ವಿಷಯ ನಿಮಗೆ ಯಾರು ಹೇಳಿದ್ರು?"

ನಯೀಮ್ ನೆಲ ನೋಡಿದ. ಫರ್ಹಾನಾ ಎಲ್ಲಿದ್ದಾಳೆಂದು ಅವನಿಗೆ ಗೊತ್ತಿತ್ತು. ಆ ಕಡೆ ಕಣ್ಣು ಹೋಗದಂತೆ ಕತ್ತು ಬಿಗಿ ಹಿಡಿದಿದ್ದ.

"ಕೇಳಿದ್ದು ನಿಮ್ಮನ್ನೇ. ಯಾರು ಹೇಳಿದ್ರು?"

"ನಾನು ಹೇಳಿದ್ದು," ಎಂಬ ದನಿ ಹತ್ತಿರದಲ್ಲೇ ಬಂತು. ಫರ್ಹಾನಾ ಗುಂಪಿನಿಂದ ಮುಂದೆ ಬಂದಿದ್ದಳು. "ನಮ್ಮಣ್ಣ ಅದು. ಮನೆಯಲ್ಲಿ ಅತ್ತುಕೊಂಡು ಹೇಳಿದ್ದನ್ನ ತಗೊಂಡು ಹೋಗಿ ಅಲ್ಲಿ ಭಾಷಣ ಮಾಡಿದಾನೆ. ಅದಕ್ಕೆ ನಾನು ಮನೆಯಲ್ಲಿ ಬೈಯ್ತೀನಿ. ಆದ್ರೆ ಟೋಕನ್ ಇರೋದು ಸುಳ್ಳಾ ಸಾರ್?"

ಬಸ್ಸಿನ ಡ್ರೈವರ್ ಹಾರ್ನ್ ಒತ್ತಿದ.

ಹುಲಿಯಪ್ಪ ಫೋನನ್ನು ಅವಳ ಮುಖದ ಹತ್ತಿರ ತಂದ. ದನಿ ಏರಿಸಲಿಲ್ಲ. "ನಾಳೆ ಆಡಿಟ್‌ನವರು ಬರ್ತಾರೆ, ಲೈನಿಗೆ ಹೋಗಬ್ಯಾಡಮ್ಮ. ಸೀದಾ ಆಫೀಸಿಗೆ ಬಾ."

ನಯೀಮ್ ಈಗ ತಂಗಿಯ ಕಡೆ ನೋಡಿದ. ಫರ್ಹಾನಾಳ ಬೆರಳುಗಳು ಚೀಲದ ಹಿಡಿಯನ್ನು ತಿರುಚುತ್ತಿದ್ದವು.

ಚೌಡೇಶ್ವರಿ ಅಣ್ಣನನ್ನೊಮ್ಮೆ, ತಂಗಿಯನ್ನೊಮ್ಮೆ ನೋಡಿದಳು. ಅವಳ ಮುಖದ ಸಿಟ್ಟು ಹೋಗಿರಲಿಲ್ಲ. "ಅವಳೊಬ್ಳೇನಾ ಸಾರ್," ಎಂದಳು, "ನಾವೂ ಬರ್ಬೇಕಾ?"

"ನಾವು ಅಂದ್ರೆ ಯಾರ್‍ಯಾರು?" ಎಂದು ಹುಲಿಯಪ್ಪ ಫೋನನ್ನು ಅವಳತ್ತ ತಿರುಗಿಸಿದ.

ಚೌಡೇಶ್ವರಿ ಫರ್ಹಾನಾಳ ತೋಳು ಹಿಡಿದಳು. ಇಬ್ಬರ ಬಳೆಗಳೂ ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಡ್ರೈವರ್ ಮತ್ತೆ ಹಾರ್ನ್ ಒತ್ತಿದ. ಈಸೂರಿನ ಬಸ್ಸಿನಿಂದ ಅದೇ ಸಾಲಿನ ಒಬ್ಬಳು ಇಳಿದು ಬಂದು ಅವರ ಪಕ್ಕ ನಿಂತಳು. ಇನ್ನೊಬ್ಬಳು ಬಸ್ಸಿನ ಮೆಟ್ಟಿಲ ಮೇಲೆ, ಕಂಬಿ ಹಿಡಿದು, ಒಳಗೂ ಹೊರಗೂ ನೋಡುತ್ತಿದ್ದಳು.